ದೊಡ್ಡ ದಿಂಬು ತಪ್ಪಾಗಿ ಬೀಳಲಿಲ್ಲ

ಆ ಕುಸ್ತಿ ಕಂಪನಿಯಲ್ಲಿ ಇದ್ದದ್ದು ಎರಡೇ ಜಾತಿ. ಗೆಲ್ಲುವವರು, ಬೀಳುವವರು.

ಗೆಲ್ಲುವವರಿಗೆ ಒಳಕೋಣೆ. ಅಲ್ಲಿ ಕನ್ನಡಿ, ಫ್ಯಾನು, ಚಿಲಕವಿರುವ ಬಾಗಿಲು. ಬೀಳುವವರಿಗೆ ಪ್ಯಾಸೇಜು. ಕಕ್ಕಸಿನಿಂದ ರಿಂಗಿಗೆ ಹೋಗುವ ಓಣಿ ಅದು. ಬರುವವನು ಹೋಗುವವನು ಎಲ್ಲರೂ ಅಲ್ಲೇ ಹಾಯಬೇಕು. ಒಬ್ಬಳು ಬಟ್ಟೆ ಬದಲಿಸಬೇಕಾದರೆ ಇನ್ನಿಬ್ಬರು ಬೆಡ್‌ಶೀಟು ಹಿಡಿದು ನಿಲ್ಲಬೇಕು. ಹಿಡಿದವರಿಗೆ ಸೀನು ಬಂತೋ, ಕೆಟ್ಟಿತು ಕೆಲಸ.

ಬೀಳುವವರಿಗೆ ಹೆಸರಿಲ್ಲ. ದಿಂಬುಗಳು ಅನ್ನುತ್ತಿದ್ದರು. ಗೆದ್ದವರ ಮೈ ನೋಯಬಾರದಲ್ಲ, ಕೆಳಗೆ ಹಾಸುವುದಕ್ಕೆ ದಿಂಬು ಬೇಕಲ್ಲ, ಅದಕ್ಕೆ. ನಮ್ಮ ಕಥೆಯ ಹುಡುಗಿಯನ್ನು ಬರೀ ದಿಂಬು ಅಂತಲೇ ಕರೆಯುತ್ತಿದ್ದರು. ಅವಳ ತಾಯಿ ದೊಡ್ಡ ದಿಂಬು. ಜೊತೆಗೆ ಇನ್ನಿಬ್ಬರು. ಅಗಲವಾಗಿದ್ದವಳು ಬೀರು, ಸಣಕಲಿ ಕಡ್ಡಿ. ಆಟದ ದಿನ ಮುಖಕ್ಕೆ ಮುಖವಾಡ ಎಳೆದುಕೊಂಡರೆ ಒಂದು ದಿನ ವಿಷಕನ್ಯೆ, ಇನ್ನೊಂದು ದಿನ ಕರಿಚೇಳು. ಏನಾದರೇನು, ಬೀಳುವುದು ತಪ್ಪದು.

ರಿಂಗಿನ ಕಬ್ಬಿಣದ ಕಂಬ ಹೊರುವವರೂ ಇವರೇ. ಹಲಗೆ ಜೋಡಿಸಿ, ಅದರ ಮೇಲೆ ಟಾರ್ಪಾಲು ಎಳೆದು, ಹಗ್ಗ ಬಿಗಿಯುವವರೂ ಇವರೇ. ಕೊನೆಗೆ ಅದರ ಮೇಲೆ ದಬಾರನೆ ಬೀಳುವವರೂ ಇವರೇ. "ನಾವೇ ಹಾಸಿದ್ದು, ನಾವೇ ಬೀಳೋದು. ಸ್ವಂತ ಮನೆ ಇದ್ದ ಹಾಗೆ ಕಣ್ರೇ!" ಅಂತ ಬೀರು ನಗುತ್ತಿದ್ದಳು. ಅವಳ ಬೆನ್ನ ಮೇಲೆ ಹಲಗೆಯ ಗೆರೆ ಮೂಡಿರುತ್ತಿತ್ತು. ಆದರೂ ನಗುತ್ತಿದ್ದಳು, ಪುಣ್ಯಾತ್ಗಿತ್ತಿ.

ಈಗ ಒಂದು ಗುಟ್ಟು ಹೇಳಬೇಕು. ಕುಸ್ತಿಯಲ್ಲಿ ಎತ್ತುವವಳು ಎತ್ತುವುದಿಲ್ಲ. ಎತ್ತಿಸಿಕೊಳ್ಳುವವಳು ಹಾರುತ್ತಾಳೆ. ಎತ್ತುವವಳು ಸೊಂಟಕ್ಕೆ ಎರಡು ಸಲ ತಟ್ಟುತ್ತಾಳೆ, ತಟ್ ತಟ್. ಆಗ ಎದುರಿನವಳು ಮಂಡಿ ಬಗ್ಗಿಸಿ ಚಿಮ್ಮಬೇಕು. ಅರ್ಧ ದಾರಿ ಅವಳೇ ಮೇಲೆ ಹೋಗಬೇಕು. ಅವಳು ಹೋದ ಮೇಲೆ ಕೆಳಗಿನವಳಿಗೆ ಒಂದೇ ಒಂದು ಕೆಲಸ, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಳ್ಳುವುದು. ಜನ ಬಾಯಿ ಬಿಟ್ಟುಕೊಂಡು "ಅಬ್ಬಬ್ಬಾ, ಏನು ಶಕ್ತಿ!" ಅನ್ನುತ್ತಾರೆ. ಶಕ್ತಿ ಪಾಪ ಮೇಲೆ ಅಂಗಾತ ಮಲಗಿರುತ್ತದೆ.

ಈ ವಿದ್ಯೆಯನ್ನು ಕಂಪನಿಯವರಿಗೆಲ್ಲ ಕಲಿಸಿದವಳು ದೊಡ್ಡ ದಿಂಬು. ಎಲ್ಲರಿಗೂ ಅವಳು ಅವ್ವ. ಸೊಂಟಕ್ಕೆ ತಟ್ಟುತ್ತಿದ್ದಳು, "ಹಾರು!" ಅನ್ನುತ್ತಿದ್ದಳು. ತಡ ಮಾಡಿದರೆ ತೊಡೆ ಚಿವುಟುತ್ತಿದ್ದಳು. ದಿನಾ ಬೆಳಿಗ್ಗೆ ಅದೇ. ತಟ್ ತಟ್, ಹಾರು. ತಟ್ ತಟ್, ಹಾರು. ಕೊನೆಗೆ ತಲೆಗೆ ಗೊತ್ತಾಗುವ ಮೊದಲೇ ಕಾಲು ಚಿಮ್ಮುತ್ತಿದ್ದವು.

ಹಾಗೆ ಕಲಿತವರಲ್ಲಿ ಒಬ್ಬಳು ಸಿಡಿಲು. ಹೌದು, ಈಗಿನ ಚಾಂಪಿಯನ್ನು. ಅವಳೂ ಪ್ಯಾಸೇಜಿನವಳೇ. ಅವಳೂ ಬೆಡ್‌ಶೀಟು ಹಿಡಿದವಳೇ. ಕಂಪನಿ ಧಣಿಯ ಮಗ ಅವಳನ್ನು ಮೆಚ್ಚಿ ಮದುವೆಯಾದ. ಮಾರನೇ ದಿನದಿಂದ ಒಳಕೋಣೆ. ಅವ್ವ ಹೋಗಿ ಅಮ್ಮಾವ್ರಾದಳು... ಅಂದರೆ ಸಿಡಿಲು ದೊಡ್ಡ ದಿಂಬನ್ನು ಅವ್ವ ಅನ್ನುವುದು ಬಿಟ್ಟಳು, ಎಲ್ಲರೂ ಇವಳನ್ನು ಅಮ್ಮಾವ್ರೇ ಅನ್ನಬೇಕಾಯಿತು. ಏಣಿ ಹತ್ತಿದ ಮೇಲೆ ಏಣಿ ಒದೆಯುವುದು ಹೊಸದೇನಲ್ಲ ಬಿಡಿ.

ಆದರೆ ಒಳಕೋಣೆಯಲ್ಲೂ ಅವಳಿಗೆ ನೆಮ್ಮದಿ ಇರಲಿಲ್ಲ. ಅಲ್ಲಿ ನಾದಿನಿ ಇದ್ದಳು. ಧಣಿಯ ಸ್ವಂತ ಮಗಳು, ಮಿಂಚು. ಬೆಲ್ಟು ಒಂದು, ಸೊಂಟ ಎರಡು. ಅತ್ತಿಗೆ ಬೆಲ್ಟು ಕಟ್ಟಿಕೊಂಡರೆ ನಾದಿನಿಗೆ ಹೊಟ್ಟೆನೋವು. ನಾದಿನಿ ಕಟ್ಟಿಕೊಂಡರೆ ಅತ್ತಿಗೆಗೆ ತಲೆನೋವು. ಒಂದು ಸಲ ಧಣಿ ಇಬ್ಬರನ್ನೂ ರಿಂಗಿಗೆ ಬಿಟ್ಟ. ಇಬ್ಬರೂ ಗೆಲ್ಲುವವರು. ಬಿದ್ದು ಅಭ್ಯಾಸವಿದ್ದವಳು ಮರೆತಿದ್ದಳು, ಇನ್ನೊಬ್ಬಳು ಕಲಿತೇ ಇರಲಿಲ್ಲ. ಪರಸ್ಪರ ಜಡೆ ಹಿಡಿದು ನಿಂತವರು ನಿಂತೇ ಇದ್ದರು. ಜನ ಆಕಳಿಸಿ, ಕಡಲೆಕಾಯಿ ಮುಗಿಸಿ, ಎದ್ದು ಮನೆಗೆ ಹೋದರು. ಆವತ್ತಿನಿಂದ ಧಣಿ ಒಂದು ಪಾಠ ಕಲಿತ. ಇಬ್ಬರಿಗೂ ಬೇರೆ ಬೇರೆ ದಿಂಬು ಕೊಟ್ಟುಬಿಡಬೇಕು.

ಹಾಗೆ ಸಿಡಿಲಿಗೆ ಕೊಟ್ಟ ದಿಂಬು ಅವ್ವ. ಒಂದು ದಿನ ಸಿಡಿಲು ಸೊಂಟ ತಟ್ಟಿದಳು. ಅವ್ವ ಚಿಮ್ಮಿದಳು. ಸಿಡಿಲು ಅವ್ವನನ್ನು ತಲೆಯ ಮೇಲೆ ಎತ್ತಿ ನಿಂತಳು. ಮುಂದಿನ ಸಾಲಿನಲ್ಲಿ ಗಂಡ ಕೂತಿದ್ದ. ಮಹಾತಾಯಿಗೆ ಅವನತ್ತ ಕೈ ಬೀಸುವ ಮನಸ್ಸಾಯಿತು. ಬೀಸಿದಳು. ಒಂದು ಕೈಯಲ್ಲಿ ಮನುಷ್ಯರ ಮೈ ನಿಲ್ಲುತ್ತದೆಯೇ? ಅವ್ವ ತಲೆ ಕೆಳಗಾಗಿ ಬಂದಳು.

ಅವ್ವನನ್ನು ಹಲಗೆಯ ಮೇಲೆ ಹೊತ್ತು ಒಯ್ಯುವ ಮೊದಲೇ ಧಣಿ ಮೈಕು ಹಿಡಿದಿದ್ದ. "ವಯಸ್ಸಾಯ್ತು ನೋಡಿ, ಬೀಳೋದು ಮರೆತುಬಿಟ್ಲು. ತಪ್ಪಾಗಿ ಬಿದ್ಲು."

ತಪ್ಪಾಗಿ ಬಿದ್ಲು! ಬೀಳುವವರ ಲೋಕದಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಕಳ್ಳಿ ಅನ್ನಿ, ಸುಳ್ಳಿ ಅನ್ನಿ, ಅವರು ನಕ್ಕುಬಿಡುತ್ತಾರೆ. ತಪ್ಪಾಗಿ ಬಿದ್ದವಳು ಅಂದರೆ ಮುಗಿಯಿತು. ಈಗ ಅವ್ವನ ಕುತ್ತಿಗೆಗೆ ಗಟ್ಟಿ ಪಟ್ಟಿ. ಪ್ಯಾಸೇಜಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಮುಖವಾಡ ಹೊಲಿಯುತ್ತಾಳೆ. ಯಾರಾದರೂ ಕರೆದರೆ ಕತ್ತು ತಿರುಗುವುದಿಲ್ಲ, ಕಾಲಿನಿಂದ ಹಿಡಿದು ಇಡೀ ಮೈ ತಿರುಗಬೇಕು. ಹೊಸದಾಗಿ ಬಂದವರು ಪಿಸುಗುಡುತ್ತಾರೆ, "ತಪ್ಪಾಗಿ ಬಿದ್ದವಳು ಇವಳೇನಾ?" ಅವ್ವನ ಕಿವಿಗೆ ಏನೂ ಆಗಿಲ್ಲ, ಎಲ್ಲ ಕೇಳಿಸುತ್ತದೆ.

"ನೋವು ಹಾಳಾಗ್ಲಿ ಬಿಡೇ," ಅನ್ನುತ್ತಿದ್ದಳು ಮಗಳಿಗೆ. "ನಾನು ಸರಿಯಾಗೇ ಬಿದ್ದೆ. ಗಲ್ಲ ಎದೆಗೆ ಒತ್ಕೊಂಡೆ, ಭುಜ ಕೊಟ್ಟೆ. ಅದಕ್ಕೇ ಜೀವ ಉಳೀತು. ಬೇರೆ ಯಾರೇ ಆಗಿದ್ರೂ ಅಲ್ಲೇ ಹೋಗಿಬಿಡೋರು. ಅಷ್ಟು ಚೆನ್ನಾಗಿ ಬಿದ್ದೆ ಕಣೇ. ಒಬ್ರಾದ್ರೂ ಹೇಳಿದ್ರಾ?"

ಯಾರೂ ಹೇಳಲಿಲ್ಲ. ಕಂಪನಿ ಮುಳುಗುತ್ತಿತ್ತು, ಎಲ್ಲರಿಗೂ ಅವರವರ ಚಿಂತೆ. ಖಾಲಿ ಕುರ್ಚಿಗಳು ಹೆಚ್ಚಾದವು. ಹರಿದ ಹಗ್ಗಕ್ಕೆ ಹಳೇ ಸೀರೆ ಸುತ್ತಿದರು. ರೆಫ್ರಿ ಸೀಟಿ ಮಾಮನೇ ಟಿಕೆಟ್ಟು ಹರಿಯುತ್ತಿದ್ದ, ಅವನೇ ಸೀಟಿ ಊದುತ್ತಿದ್ದ, ಅವನೇ ಮೈಕಿನಲ್ಲಿ ಕೂಗುತ್ತಿದ್ದ.

ಆಗ ಬಂತು ಸುದ್ದಿ. ಭಾನುವಾರ ಮಧ್ಯಾಹ್ನದ ಆಟಕ್ಕೆ ಟಿವಿಯವರು ಬರುತ್ತಾರಂತೆ. ಹಿಡಿಸಿದರೆ ವಾರ ವಾರ ತೋರಿಸುತ್ತಾರಂತೆ. ಧಣಿಗೆ ಕಾಲು ನೆಲದ ಮೇಲಿಲ್ಲ. ಹೊಸ ಪೋಸ್ಟರು ಅಂಟಿಸಿದ. ಭಾನುವಾರ ಬೆಳಿಗ್ಗೆ ದಿಂಬು ಕಂಬ ಹೊತ್ತುಕೊಂಡು ಬರುವಾಗ ಅದನ್ನು ನೋಡಿದಳು. ಸಿಡಿಲಿನ ಚಿತ್ರ, ಕೆಳಗೆ ಕೆಂಪು ಅಕ್ಷರ: "ತಪ್ಪಾಗಿ ಬಿದ್ದವಳ ಕತ್ತು ಮುರಿದ ಆ ಭಯಂಕರ ಪಟ್ಟು! ಮತ್ತೊಮ್ಮೆ!"

ದಿಂಬು ಕಂಬ ಇಳಿಸಲಿಲ್ಲ. ಹೆಗಲ ಮೇಲೆ ಇಟ್ಟುಕೊಂಡೇ ಇನ್ನೊಂದು ಸಲ ಓದಿದಳು. ಅವ್ವನ ಕತ್ತನ್ನೂ ಟಿಕೆಟ್ಟು ಮಾಡಿ ಮಾರುತ್ತಿದ್ದರು. ಮೈಯೆಲ್ಲ ಉರಿಯಿತು. ಸೀದಾ ಧಣಿಯ ಹತ್ತಿರ ಹೋದಳು.

"ಧಣಿ, ಇವತ್ತು ಮೇಲೆ ಹೋಗೋದು ಯಾರು?"

"ಇನ್ಯಾರು? ನೀನೇ. ತಾಯಿ ಬಿದ್ಲು, ಮಗಳು ಏನಾಗ್ತಾಳೋ! ಜನ ಕುರ್ಚಿ ತುದೀಲಿ ಕೂರ್ತಾರೆ."

"ಹೋಗ್ತೀನಿ. ಹತ್ತು ಸಲ ಎತ್ತಿದ್ರೂ ಹೋಗ್ತೀನಿ. ಮೈಕಲ್ಲಿ ಒಂದೇ ಮಾತು ಹೇಳಿಬಿಡಿ. ನಮ್ಮವ್ವ ತಪ್ಪಾಗಿ ಬೀಳ್ಲಿಲ್ಲ ಅಂತ."

ಧಣಿ ನಕ್ಕ. "ಟಿವಿಯವರ ಮುಂದೆ ನನ್ನ ಸೊಸೆ ಕೈ ಬಿಟ್ಲು ಅನ್ಲಾ? ತಪ್ಪು ಬಿದ್ದೋರದ್ದು ಕಣಮ್ಮ. ಎತ್ತಿದೋರದ್ದು ಯಾವ ಕಾಲಕ್ಕೂ ಇಲ್ಲ. ಹೋಗು, ಹಗ್ಗ ಬಿಗಿ."

ದಿಂಬು ಹೋಗಿ ಹಗ್ಗ ಬಿಗಿದಳು. ಎಷ್ಟು ಬಿಗಿದಳೆಂದರೆ ಕಡ್ಡಿ ಓಡಿ ಬಂದು, "ಸಾಕೇ ಮಾರಾಯ್ತಿ, ಕಂಬ ಕಿತ್ತು ಬರ್ತದೆ," ಅಂದಳು.

ಅವರು ಪ್ಯಾಸೇಜಿಗೆ ಮರಳುವಷ್ಟರಲ್ಲಿ ಒಳಕೋಣೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಮಿಂಚು ಬಂದಳು. ಪ್ಯಾಸೇಜಿಗೆ ಅವಳ ಕಾಲು ಬಿದ್ದದ್ದೇ ಅಪರೂಪ. ಮೂಗಿಗೆ ಕರ್ಚೀಫು.

"ದಿಂಬು, ಇವತ್ತು ಅತ್ತಿಗೆ ಮುಂದೆ ಬೀಳಬೇಡ. ಅವಳ ಮಾನ ಹರಾಜಾಗ್ಲಿ. ಬೆಲ್ಟ್ ನನಗೆ ಬರ್ತದೆ. ನಿನ್ನನ್ನ ಒಳಕೋಣೆಗೆ ಕರ್ಕೊಳ್ತೀನಿ."

"ನಮ್ಮವ್ವನ್ನ?"

"ಅವಳ್ಯಾಕೆ? ತಪ್ಪಾಗಿ ಬಿದ್ದವಳು..."

ಮಾತು ಮುಗಿಯಲಿಲ್ಲ. ಬೀರು ಬೆಡ್‌ಶೀಟು ಕೊಡವಿದಳು. ಧೂಳೆಲ್ಲ ಮಿಂಚಿನ ಮುಖಕ್ಕೆ. "ಅಯ್ಯೋ, ನೋಡ್ಲೇ ಇಲ್ಲ ನೋಡಿ ಅಮ್ಮಾವ್ರೇ!" ಮಿಂಚು ಸೀನುತ್ತಾ ಓಡಿದಳು.

ಅವಳ ಬೆನ್ನಿಗೇ ಸಿಡಿಲು ಬಂದಳು. "ಏ ದಿಂಬು, ಅವಳೇನು ಹೇಳಿದ್ಲು? ಕೇಳ್ಬೇಡ. ನನಗೆ ಸರಿಯಾಗಿ ಹಾರು. ನಿನಗೊಂದು ಕನ್ನಡಿ ಕೊಡಿಸ್ತೀನಿ." ಮೂಲೆಯಲ್ಲಿ ಅವ್ವ ಹೊಲಿಯುತ್ತಾ ಕೂತಿದ್ದಳು. ಸಿಡಿಲು ಅತ್ತ ಕಣ್ಣೆತ್ತಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಹೋದಳು.

ದಿಂಬಿಗೆ ನಗು ಬಂತು. ಮೊದಲು ಮೂಗಲ್ಲಿ ಬಂತು, ಆಮೇಲೆ ಹೊಟ್ಟೆಯಿಂದ ಬಂತು. "ನೋಡಿದ್ರೇನ್ರೇ? ಇಬ್ರೂ ನಮ್ಮ ಹತ್ರಾನೇ ಬರ್ತಾರೆ. ನಾವು ಬಿದ್ರೆ ತಾನೇ ಅವರು ನಿಲ್ಲೋದು? ನಾವು ಬೀಳ್ದಿದ್ರೆ?"

ಕಡ್ಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬೀರು "ಹಾಂ!" ಅಂದಳು. ಅವ್ವ ಮಾತ್ರ ದಾರ ಕಚ್ಚಿ ತುಂಡು ಮಾಡಿ, ಮುಖವಾಡವನ್ನು ಮಗಳ ಕೈಗಿಟ್ಟಳು. "ಏನು ಮಾಡ್ತೀಯೋ ಮಾಡು. ಕತ್ತು ಜೋಪಾನ."

ಆಟ ಶುರುವಾಯಿತು. ಟಿವಿಯವನು ಮುಂದಿನ ಸಾಲಿನಲ್ಲಿ, ಮಡಚುವ ಕುರ್ಚಿಯಲ್ಲಿ. ಪಕ್ಕದಲ್ಲಿ ಧಣಿ, ಹಲ್ಲು ಕಿರಿದುಕೊಂಡು. ಸೀಟಿ ಮಾಮ ಮೈಕಿನಲ್ಲಿ ಪೋಸ್ಟರಿನ ಮಾತೆಲ್ಲ ಕೂಗಿದ. "ತಪ್ಪಾಗಿ ಬಿದ್ದವಳ" ಅನ್ನುವಾಗ ಅವನ ದನಿ ಇಳಿಯಿತು. ಅವನಿಗೂ ನಾಚಿಕೆ ಇತ್ತು, ಆದರೆ ಹೊಟ್ಟೆಯೂ ಇತ್ತು.

ಸಿಡಿಲು ಬಂದಳು. ಬೆಲ್ಟು ಮೇಲೆತ್ತಿದಳು. ದಿಂಬಿನ ಸೊಂಟ ಹಿಡಿದಳು. ತಟ್ ತಟ್.

ದಿಂಬು ನಿಂತಳು.

ತಟ್ ತಟ್.

ದಿಂಬು ನಿಂತೇ ಇದ್ದಳು.

ಸಿಡಿಲು ಹಲ್ಲು ಕಚ್ಚಿ ಎತ್ತಿದಳು. ಎತ್ತಿದಳು ಅಂದರೆ ಎತ್ತಲು ನೋಡಿದಳು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ದಿಂಬಿನ ಹಿಮ್ಮಡಿ ಕೂಡ ಏಳಲಿಲ್ಲ. ಸಿಡಿಲು ಅವಳ ಸುತ್ತ ಬಂದು ಹಿಂದಿನಿಂದ ಹಿಡಿದಳು, ಮುಂದಿನಿಂದ ಹಿಡಿದಳು, ಕೊನೆಗೆ ಮಂಡಿ ತಬ್ಬಿಕೊಂಡು ಎಳೆದಳು. ದಿಂಬು ಆಕಳಿಸಿದಳು.

"ಹಾರೇ!" ಸಿಡಿಲು ಪಿಸುಗುಟ್ಟಿದಳು.

"ಯಾಕೆ?"

"ದಮ್ಮಯ್ಯ ಹಾರೇ!"

ಸೀಟಿ ಮಾಮನ ಕೈಯಲ್ಲಿ ಮೈಕು ಇತ್ತಲ್ಲ. ಬೇಕಂತ ಹತ್ತಿರ ಹಿಡಿದನೋ, ಕೈ ಜಾರಿತೋ, ದೇವರಿಗೇ ಗೊತ್ತು. "ದಮ್ಮಯ್ಯ ಹಾರೇ" ಅನ್ನುವುದು ಇಡೀ ಹಾಲ್‌ಗೆ ಕೇಳಿಸಿತು. ಆಮೇಲೆ ಹಿಂದಿನ ಸಾಲಿನ ಒಬ್ಬಳು ಅಜ್ಜಿ ಎದ್ದು ನಿಂತಳು. "ಅಯ್ಯೋ ಶಿವನೇ, ಇಷ್ಟು ದಿನ ಇವರೇ ಹಾರ್ತಿದ್ರಾ!"

ಇಡೀ ಹಾಲ್ ನಗೆಯಲ್ಲಿ ಮುಳುಗಿತು. ಜನ ಕುರ್ಚಿ ಬಡಿದರು, ತೊಡೆ ಬಡಿದುಕೊಂಡರು, ಕಣ್ಣೊರೆಸಿಕೊಂಡರು. "ಹಾರಬೇಡ! ಹಾರಬೇಡ!" ಅಂತ ಕೂಗಿದರು. ಸಿಡಿಲು ತಳ್ಳಿದಳು. ದಿಂಬು ಬೀಳಲಿಲ್ಲ. ಸಿಡಿಲು ಗುದ್ದಿದ ಹಾಗೆ ಮಾಡಿದಳು. ದಿಂಬು ಬೀಳಲಿಲ್ಲ. ನಿಜವಾಗಿಯೇ ಗುದ್ದಿದಳು, ತುಟಿ ಒಡೆದು ರಕ್ತ ಬಂತು. ದಿಂಬು ರಕ್ತ ಒರೆಸಿಕೊಂಡಳು. ಬೀಳಲಿಲ್ಲ. ಮುಖವಾಡ ಕಿತ್ತು ಹಗ್ಗಕ್ಕೆ ನೇತು ಹಾಕಿದಳು. ಆ ಊರಿನ ಜನ ಅವಳ ಮುಖ ನೋಡಿದ್ದು ಅದೇ ಮೊದಲು.

"ನನಗೇನು ಬೇಕು ಗೊತ್ತಲ್ಲ," ಅಂದಳು. "ಮೈಕಲ್ಲಿ ಹೇಳು."

"ಹೇಳಲ್ಲ!"

ಇಷ್ಟು ಹೊತ್ತು ಕಾದಿದ್ದ ಮಿಂಚು ತಡೆಯಲಾರದೆ ಹಗ್ಗ ದಾಟಿ ನೆಗೆದಳು. "ಆಚೆ ಸರಿ ಅತ್ತಿಗೆ, ನಾನು ತೋರಿಸ್ತೀನಿ!" ಬಂದವಳೇ ದಿಂಬಿನ ಸೊಂಟ ಹಿಡಿದು ಎತ್ತಲು ಹೋದಳು. ತನ್ನದೇ ಸೊಂಟ ಉಳುಕಿ "ಅಮ್ಮಾ!" ಅಂತ ಅಲ್ಲೇ ಬಗ್ಗಿದಳು. ಬಗ್ಗಿದವಳು ಏಳಲಾಗದೆ ನಿಂತಳು, ಕಳೆದ ಚಿಲ್ಲರೆ ಹುಡುಕುವವಳ ಹಾಗೆ. ಬಗ್ಗಿಯೇ ಅತ್ತಿಗೆಯನ್ನು ಬೈದಳು. ಅತ್ತಿಗೆ ತಿರುಗಿ ಬೈದಳು. ಬೆಲ್ಟಿನ ಎರಡು ತುದಿ ಇಬ್ಬರ ಕೈಗೆ ಬಂತು.

ಧಣಿ ಕುರ್ಚಿ ಮೇಲೆ ನಿಂತು ಅರಚಿದ. "ಬೇರೆ ದಿಂಬು ಕಳಿಸ್ರೋ! ಬೇರೆ ದಿಂಬು!"

ಬಂದರು. ಬೀರು ಬಂದಳು, ಕಡ್ಡಿ ಬಂದಳು. ರಿಂಗಿನಲ್ಲಿ ಸಾಲಾಗಿ ನಿಂತರು. "ಬೀಳ್ರೇ!" ಅಂದ ಧಣಿ. "ಮೊದ್ಲು ನೀವು ಬಿದ್ದು ತೋರ್ಸಿ ಧಣಿ, ಕಲ್ತ್ಕೋತೀವಿ," ಅಂದಳು ಬೀರು. ಟಿವಿಯವನು ನಗುತ್ತಾ ನಗುತ್ತಾ ಕುರ್ಚಿ ಸಮೇತ ಹಿಂದಕ್ಕೆ ಹೋದ. ಆ ದಿನ ಆ ಹಾಲ್‌ನಲ್ಲಿ ಬಿದ್ದವನು ಅವನೊಬ್ಬನೇ.

ಧಣಿಯ ಕೊನೆಯ ಅಸ್ತ್ರ ಅವ್ವ. ಪ್ಯಾಸೇಜಿಗೆ ಓಡಿ ಅವಳನ್ನು ಎಳೆದು ತಂದ. "ಹೇಳು ನಿನ್ನ ಮಗಳಿಗೆ! ಬೀಳು ಅನ್ನು! ಇಲ್ದಿದ್ರೆ ಇವತ್ತೇ ಎಲ್ರೂ ಬೀದಿಗೆ!"

ಅವ್ವ ರಿಂಗಿನ ಬದಿಗೆ ಬಂದು ನಿಂತಳು. ತಲೆ ಎತ್ತಲಾಗದು, ಅದಕ್ಕೆ ಸೊಂಟದಿಂದ ಹಿಂದಕ್ಕೆ ಬಾಗಿ ಮೇಲೆ ನೋಡಿದಳು. ಅವಳು ಮಗಳನ್ನು ನೋಡಲಿಲ್ಲ. ಸಿಡಿಲನ್ನು ನೋಡಿದಳು. ಬೈಯಲಿಲ್ಲ, ಸುಮ್ಮನೆ ನೋಡಿದಳು. ಬೆಲ್ಟಿನ ತುದಿ ಹಿಡಿದಿದ್ದ ಸಿಡಿಲಿನ ಕೈ ಸಡಿಲವಾಯಿತು. ಅಪಘಾತವಾದ ಮೇಲೆ ಅವಳು ಆ ಮುಖವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಆಗಲೇ.

ದಿಂಬು ಅವಳ ಬೆನ್ನ ಹಿಂದೆ ಬಂದಳು. ಎರಡೂ ಕೈ ಅವಳ ಸೊಂಟಕ್ಕೆ ಇಟ್ಟಳು.

ತಟ್ ತಟ್.

ಸಿಡಿಲು ಹಾರಿದಳು!

ಪಾಪ, ಅವಳು ಹಾರಬೇಕೆಂದು ಹಾರಲಿಲ್ಲ. ಬೇಡವೆಂದರೂ ಕೇಳದೆ ಕಾಲು ಚಿಮ್ಮಿದವು. ಅವ್ವ ತೊಡೆ ಚಿವುಟಿ ಕಲಿಸಿದ ಪಾಠ ಮೈಗೆ ಹತ್ತಿಬಿಟ್ಟಿತ್ತು, ಒಳಕೋಣೆಯ ಫ್ಯಾನಿನ ಗಾಳಿಗೂ ಆರಿರಲಿಲ್ಲ. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಚಾಂಪಿಯನ್ನು ದಿಂಬಿನ ತಲೆಯ ಮೇಲೆ ಅಂಗಾತ ಮಲಗಿದ್ದಳು. ಕಂಬ ಹೊತ್ತ ತೋಳುಗಳು, ಅಲುಗಾಡಲಿಲ್ಲ.

ಇಡೀ ಹಾಲ್ ಎದ್ದು ನಿಂತಿತು. ಬೀರು ಕುಣಿದಳು, ರಿಂಗಿನ ಹಲಗೆ ಗುಡುಗುಡು ಅಂದವು.

"ಇಳ್ಸೇ! ಇಳ್ಸೇ!"

"ಹೇಳು, ಇಳಿಸ್ತೀನಿ."

"ಎರಡೂ ಕೈಲಿ ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ. ಅವತ್ತು ನೀನು ಹಿಡ್ಕೊಂಡಿದ್ಯಾ?"

"ಕೈ ಬಿಡು! ಬಿಡು!" ಅಂತ ಯಾರೋ ಕೂಗಿದರು. ಇನ್ನೂ ನಾಲ್ಕು ಜನ ಸೇರಿಕೊಂಡರು. ದಿಂಬಿನ ಒಡೆದ ತುಟಿ ಉರಿಯುತ್ತಿತ್ತು. ಬಿಡಬಹುದಿತ್ತು. ಸುಳ್ಳೇಕೆ, ಮನಸ್ಸು ಒಂದು ಕ್ಷಣ ಅತ್ತ ಹೋಯಿತು. ಕೆಳಗಿನಿಂದ ಅವ್ವನ ದನಿ ಬಂತು, ಬೆಳಗಿನ ಪಾಠದ ಅದೇ ದನಿ: "ಬೆರಳು ಬಿಗಿ! ಮೊಣಕೈ ಒಳಗೆ!" ದಿಂಬು ಬೆರಳು ಬಿಗಿದಳು.

ಸೀಟಿ ಮಾಮ ಮೈಕು ಎತ್ತಿ ಹಿಡಿದ. ಎಟುಕಲಿಲ್ಲ. ತುದಿಗಾಲಲ್ಲಿ ನಿಂತ, ಆಗಲೂ ಎಟುಕಲಿಲ್ಲ. "ಕೊಡಿ ಮಾಮಾ ಇಲ್ಲಿ," ಅಂತ ಕಡ್ಡಿ ಕಿತ್ತುಕೊಂಡು, ಬೀರುವಿನ ಹೆಗಲು ಹತ್ತಿ ಕೂತು, ಮೈಕನ್ನು ಚಾಂಪಿಯನ್ನಿನ ಬಾಯಿಗೆ ಹಿಡಿದಳು. "ಮಾತಾಡಿ ಅಮ್ಮಾವ್ರೇ. ಆನ್ ಆಗಿದೆ."

"ಒಂದು ಕೈ..." ಅಂದಳು ಸಿಡಿಲು. ಸ್ಪೀಕರು ಕೀಂಯ್ ಅಂತು. "ಒಂದು ಕೈ ಬಿಟ್ಟಿದ್ದೆ. ನಮ್ಮೆಜಮಾನ್ರಿಗೆ ಕೈ ಬೀಸ್ದೆ. ಅವರು ನೋಡ್ಲೂ ಇಲ್ಲ, ಫೋನ್ ಒತ್ತುತ್ತಾ ಕೂತಿದ್ರು!" ಇಷ್ಟು ಹೇಳಿ ಗೊಳೋ ಅಂದಳು. ಜನ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು.

"ಯಾರು ತಪ್ಪಾಗಿ ಬಿದ್ದಿದ್ದು?" ಅಂದಳು ದಿಂಬು.

"ಯಾರೂ ಇಲ್ಲ. ಅವ್ವ ಸರಿಯಾಗೇ ಬಿದ್ಲು. ಬೀಳ್ಸಿದ್ದು ನಾನು. ಅವ್ವಾ, ನಾನೇ ಬೀಳ್ಸಿದ್ದು!"

ದಿಂಬು ಅವಳನ್ನು ಎಸೆಯಲಿಲ್ಲ. ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ. ಗಾಜಿನ ಸಾಮಾನು ಇಳಿಸುವ ಹಾಗೆ ಇಳಿಸಿದಳು. ಇಳಿಸಿ, ಸೆರಗಿಲ್ಲದ ಅಂಗಿಯ ತೋಳಿಗೆ ಮೂಗೊರೆಸಿಕೊಂಡು, ರಿಂಗಿನಿಂದ ಧುಮುಕಿದಳು.

ಅವ್ವ ಜನರ ಕಡೆ ತಿರುಗಿದಳು. ಕತ್ತು ತಿರುಗದು, ಅದಕ್ಕೆ ಇಡೀ ಮೈ ತಿರುಗಿಸಿದಳು. ಮೊದಲು ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ, ಹೀಗೆ ನಾಲ್ಕೂ ಬದಿಗೆ. ತಿರುಗಿದ ಕಡೆಯೆಲ್ಲ ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಜೀವಮಾನದಲ್ಲಿ ಚಪ್ಪಾಳೆ ಸಿಕ್ಕಿರಲಿಲ್ಲ. ಅವಳ ಬೆನ್ನ ಮೇಲೆ ನಿಂತವರಿಗೆ ಸಿಕ್ಕಿತ್ತು. "ನೋಡಿದ್ರಾ, ಸರಿಯಾಗೇ ಬಿದ್ದಿದ್ದೆ," ಅಂದಳು ಒಬ್ಬೊಬ್ಬರಿಗೂ.

"ಹೊರಗೆ!" ಧಣಿ ಗಂಟಲು ಕಿತ್ತುಹೋಗುವ ಹಾಗೆ ಕೂಗಿದ. "ನಾಲ್ಕೂ ಜನ ಹೊರಗೆ!"

"ಹೊರಟ್ವಿ ಧಣಿ," ಅಂದಳು ದಿಂಬು. "ಕಂಬ ಬಿಚ್ಚೋರು ಯಾರು ನೋಡ್ಕೊಳ್ಳಿ."

ಬೀಳುವವರಿಗೆ ಹಿಂಬಾಗಿಲೇ ಗತಿ ಅಂತ ಕಂಪನಿಯ ಕಟ್ಟಳೆ. ಆ ದಿನ ನಾಲ್ವರೂ ಕುರ್ಚಿಗಳ ನಡುವೆ ನಡೆದು ಮುಂಬಾಗಿಲಿನಿಂದ ಹೊರಬಿದ್ದರು. ಕಡ್ಡಿ ಪೋಸ್ಟರು ಪರಪರ ಹರಿದಳು. ಬೀರು ಬೆಡ್‌ಶೀಟನ್ನು ಹೆಗಲಿಗೆ ಹಾಕಿಕೊಂಡಿದ್ದಳು. ನಾಳೆ ಏನು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಬಿಸಿಲು ಮಾತ್ರ ಚೆನ್ನಾಗಿತ್ತು.

ಒಳಗೆ ಗಂಟೆ ಹೊಡೆಯಿತು. ಅತ್ತಿಗೆ ನಾದಿನಿಯರನ್ನೇ ಧಣಿ ಆಟಕ್ಕೆ ಬಿಟ್ಟಿದ್ದ, ಬೇರೆ ದಾರಿ ಎಲ್ಲಿತ್ತು? ಸೀಟಿ ಕೇಳಿಸಿತು. ಜನ "ಬೀಳ್ರಮ್ಮಾ! ಯಾರಾದ್ರೂ ಒಬ್ರು ಬೀಳ್ರಮ್ಮಾ!" ಅಂತ ಗೋಗರೆಯುವುದು ಕೇಳಿಸಿತು. ಬಿದ್ದ ಸದ್ದು ಮಾತ್ರ ಬರಲಿಲ್ಲ.

ಅವ್ವನಿಗೆ ನಗು ತಡೆಯಲಾಗಲಿಲ್ಲ. ಕುತ್ತಿಗೆಯ ಪಟ್ಟಿಯನ್ನು ಒತ್ತಿ ಹಿಡಿದು ನಕ್ಕಳು. "ಅಯ್ಯೋ ನಗಿಸಬೇಡ್ರೇ, ಕತ್ತು ನೋಯ್ತದೆ..." ಮುಂಬಾಗಿಲಿಗೆ ಮೆಟ್ಟಿಲುಗಳಿದ್ದವು. ಅವರು ಯಾರೂ ಆ ಕಡೆ ಬಂದವರಲ್ಲ, ಗೊತ್ತೇ ಇರಲಿಲ್ಲ. ಅವ್ವನಿಗೆ ಕೆಳಗೆ ನೋಡಲು ಆಗದು. ದಿಂಬು ಎರಡು ಮೆಟ್ಟಿಲು ಇಳಿದು ತಿರುಗಿ ಕೈ ಚಾಚಿದಳು.

ಅವ್ವ ಆ ಕೈ ನೋಡಿದಳು. "ಒಂದೇ ಕೊಡ್ತೀಯೇನೇ?"

ದಿಂಬು ಇನ್ನೊಂದು ಕೈಯನ್ನೂ ಕೊಟ್ಟಳು.